ಊರಿನ ಬದುವಿನಲ್ಲಿ ಒಂದು ಹರ್ಬೇರಿಯಂ

‘ಗಿಡ ಕಿತ್ತು ಪೇಪರ್‌ನಾಗ ಇಡಾಕ ಕಾಲೇಜಿಗೆ ಹೋಗಬೇಕೇನವ್ವಾ?’

ದೊಡ್ಡಪ್ಪ ಕೇಳಿದ್ದು ತಮಾಷೆಗೇ, ಆದರೂ ಚುಚ್ಚಿತು. ಬಿಎಸ್ಸಿ ಅಗ್ರಿ ಸೀಟು ಸಿಗದೆ ಬಳ್ಳಾರಿಯಲ್ಲಿ ಸಸ್ಯಶಾಸ್ತ್ರಕ್ಕೆ ಸೇರಿದವಳು ನಾನು. ಹರ್ಬೇರಿಯಂಗೆ ಗಿಡ ಹುಡುಕಿ ಗೆಳತಿಯರು ಸಂಡೂರಿನ ಕಾಡಿಗೆ ಹೊರಟರು. ನಾನು ಊರಿನ ಬಸ್ ಹತ್ತಿದೆ.

ಕುರುಗೋಡು ತಾಲ್ಲೂಕಿನ ನಮ್ಮ ಬಾದನಹಟ್ಟಿಯಲ್ಲಿ ನೋಡೋಕೆ ಏನಿದೆ ಅಂದರೆ, ಕಪ್ಪು ಮಣ್ಣು, ತುಂಗಭದ್ರಾ ಕಾಲುವೆ ನೀರು, ಭತ್ತ, ಮೆಣಸಿನಕಾಯಿ. ರಸ್ತೆ ಪಕ್ಕ ಬಳ್ಳಾರಿ ಜಾಲಿ. ಅದರ ಮುಳ್ಳು ಚುಚ್ಚಿಸಿಕೊಂಡೇ ಬೆಳೆದೆ. ಹೆಸರಲ್ಲಿ ನಮ್ಮ ಜಿಲ್ಲೆ ಇದ್ದರೂ ಗಿಡ ಅಮೆರಿಕ ಖಂಡದ್ದು. ನಾವಿನ್ನೂ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ, 1870ರ ದಶಕದಲ್ಲಿ, ಸೌದೆಗೆಂದು ಇದರ ಬೀಜ ತರಿಸಿದರಂತೆ. ಪ್ರೊಸೋಪಿಸ್ ಜೂಲಿಫ್ಲೋರಾ ಅಂತ ಬಾಯಿಪಾಠ ಮಾಡಿದರೆ, ಈಗ ಅದು ನೆಲ್ಟುಮಾ ಜೂಲಿಫ್ಲೋರಾ ಆಗಿಬಿಟ್ಟಿದೆ!

ಬದುವಿನ ಮೇಲೆ ತುಂಬೆ, ಉತ್ತರಾಣಿ ತೋರಿಸಿದ್ದು ಅವ್ವ. ಎರಡರ ಶಾಸ್ತ್ರೀಯ ಹೆಸರೂ ‘ಆಸ್ಪೆರಾ’ ಅಂತ ಮುಗಿಯುತ್ತೆ, ಅಂದರೆ ಲ್ಯಾಟಿನ್‌ನಲ್ಲಿ ಒರಟು. ಸೀರೆಗೆ ಅಂಟಿದ ಉತ್ತರಾಣಿ ಕಾಳು ಬಿಡಿಸುತ್ತಾ ಅವ್ವ, ‘ಅದನ್ನ ನಾನ ಹೇಳ್ತಿದ್ದೆ’ ಅಂದಳು.

ಅಪ್ಪ ನಗಲಿಲ್ಲ. ಎಲೆ ಮುದುರಿದ ಮೆಣಸಿನ ಗಿಡವೊಂದನ್ನು ಮುಂದೆ ಹಿಡಿದ. ‘ಇದಕ್ಕ ನಿನ್ನ ಪುಸ್ತಕದಾಗ ಔಷಧ ಐತೇನು?’

ಇರಲಿಲ್ಲ. ಲೆನ್ಸ್ ಮಾತ್ರ ಇತ್ತು. ಎಲೆ ಮೇಲಕ್ಕೆ ದೋಣಿಯಂತೆ ಮುದುರಿದರೆ ಸಾಮಾನ್ಯವಾಗಿ ಥ್ರಿಪ್ಸ್ ನುಸಿ, ಕೆಳಕ್ಕೆ ಮುದುರಿದರೆ ಮೈಟ್ ನುಸಿ. ನಮ್ಮ ಗಿಡದ ಎಲೆ ಕೆಳಕ್ಕಿತ್ತು. ಮೈಟ್ ಕೀಟವೇ ಅಲ್ಲ, ಎಂಟು ಕಾಲಿನ ಜೇಡದ ಬಳಗ. (ಇದು ಝೂವಾಲಜಿ ಪಾಠ, ಇರಲಿ.) ಅಪ್ಪ ಅಂಗಡಿಯಲ್ಲಿ ಬರೀ ‘ನುಸಿ’ ಅಂದಿದ್ದ. ಅವರು ಕೊಟ್ಟ ಥ್ರಿಪ್ಸ್ ಔಷಧವನ್ನು ಸಾಲ ಮಾಡಿ ಎರಡು ಸಲ ಹೊಡೆದಿದ್ದ.

ನನಗೂ ಪೂರ್ತಿ ಧೈರ್ಯವಿರಲಿಲ್ಲ. ತಪ್ಪಾದರೆ ಮೂರನೇ ಸಲದ ದುಡ್ಡೂ ಮಣ್ಣುಪಾಲು. ‘ಸಿರುಗುಪ್ಪದ ಕೃಷಿ ಸಂಶೋಧನಾ ಕೇಂದ್ರಕ್ಕೆ ಎಲೆ ಒಯ್ದು ತೋರಿಸಪ್ಪ’ ಅಂದೆ. ಸೋಮವಾರ ಹೋಗಿಬಂದ. ಮೈಟೇ. ಔಷಧ ಬದಲಾಯಿತು. ಹೊಸ ಚಿಗುರು ನೇರವಾಗಿ ಬಂತು, ಹಳೇ ಗಿಡದಲ್ಲಿ ಮಾತ್ರ ಕಾಯಿ ಕಡಿಮೆಯೇ.

ಉತ್ತರಾಣಿಯನ್ನು ಹಾಳೆಗೆ ಅಂಟಿಸಿ ಚೀಟಿಯಲ್ಲಿ ‘ಸ್ಥಳ: ಬಾದನಹಟ್ಟಿ, ಹೊಲದ ಬದು’ ಅಂತ ಬರೆದೆ. ಬ್ಯಾಗಿನಲ್ಲಿ ಲೆನ್ಸ್ ಇರಲಿಲ್ಲ. ಫೋನ್ ಮಾಡಿದರೆ ಅಪ್ಪ, ‘ಅದು ಇಲ್ಲೇ ಇರ್ಲಿ, ನೀ ಇನ್ನೊಂದು ತಗೋ’ ಅಂದ.