ಪಾಕೀಟು ಎಲ್ಲಿ?

ನಮ್ಮೂರು ಜಿಡಗಾ, ಆಳಂದ ತಾಲ್ಲೂಕು. ನಾನು ಆರನೇ ತರಗತಿಯಲ್ಲಿದ್ದಾಗ ನಮ್ಮ ಶಾಲೆಯ ಹುಡುಗರಿಗೆಲ್ಲ ಅಂಚೆಚೀಟಿ ಕೂಡಿಸುವ ಹುಚ್ಚು ಹತ್ತಿತ್ತು. ನಾವು ಅದನ್ನು 'ಟಿಕೀಟು' ಅನ್ನುತ್ತಿದ್ದೆವು. ಯಾರ ಹತ್ತಿರ ಹೆಚ್ಚು ಟಿಕೀಟು ಇವೆಯೋ ಅವನೇ ದೊಡ್ಡವನು. ನನ್ನ ಹತ್ತಿರ ಇದ್ದವು ಒಂಬತ್ತೇ ಒಂಬತ್ತು. ಅವೂ ಎಲ್ಲರ ಹತ್ತಿರವೂ ಇದ್ದಂಥವೇ.

ಒಂದು ಮಧ್ಯಾಹ್ನ ಆಯಿಯ ಟ್ರಂಕಿನಲ್ಲಿ ನನಗೆ ನಿಧಿ ಸಿಕ್ಕಿತು. ಆಯಿ ಅಂದರೆ ನಮ್ಮ ಕಡೆ ಅಜ್ಜಿ. ಅವಳ ಇಳಕಲ್ ಸೀರೆಯ ಕೆಳಗೆ, ಅರಿವೆಯಲ್ಲಿ ಕಟ್ಟಿದ ಒಂದು ಗಂಟು ಇತ್ತು. ಬಿಚ್ಚಿದರೆ ಹತ್ತು ಹನ್ನೊಂದು ಹಳೆಯ ಪಾಕೀಟುಗಳು. ಹೆಚ್ಚಿನವುಗಳ ಮೇಲೆ ಬ್ರಿಟಿಷ್ ರಾಜನ ತಲೆ ಇತ್ತು. ಒಂದರ ಮೇಲೆ ಮಾತ್ರ ಚಾರ್‌ಮಿನಾರ್!

ಆಮೇಲೆ ಮಾಡಿದ್ದನ್ನು ಹೇಳಲು ಈಗಲೂ ನಾಚಿಕೆ. ಪರಾತದಲ್ಲಿ ನೀರು ತುಂಬಿ ಪಾಕೀಟುಗಳನ್ನೆಲ್ಲ ಅದರಲ್ಲಿ ಅದ್ದಿಟ್ಟೆ. ಸ್ವಲ್ಪ ಹೊತ್ತಿಗೆ ಟಿಕೀಟುಗಳು ತಾವಾಗಿಯೇ ಬಿಟ್ಟುಕೊಂಡವು. ಅವನ್ನು ಹಳೆಯ ಪೇಪರಿನ ಮೇಲೆ ಒಣಗಿಸಿ, ಅನ್ನದ ಅಗುಳಿನಿಂದ ನೋಟ್‌ಬುಕ್ಕಿಗೆ ಅಂಟಿಸಿದೆ. ಶಾಯಿ ಕದಡಿ ಮುದ್ದೆಯಾಗಿದ್ದ ಪಾಕೀಟುಗಳನ್ನು ನೀರೊಲೆಗೆ ಹಾಕಿದೆ. ಮರುದಿನ ಶಾಲೆಯಲ್ಲಿ ರಾಜನ ತಲೆಗಳನ್ನೆಲ್ಲ ಕೊಟ್ಟು ಬಣ್ಣ ಬಣ್ಣದ ಪರದೇಶಿ ಟಿಕೀಟು ತಗೊಂಡೆ. ಚಾರ್‌ಮಿನಾರ್ ಮಾತ್ರ ಯಾರಿಗೂ ಕೊಡಲಿಲ್ಲ.

ಎಂಟು ದಿನದ ಮೇಲೆ ಆಯಿ ಗಂಟು ಬಿಚ್ಚಿದಳು.

"ತಮ್ಮಾ, ಇದರಾಗಿನ ಪಾಕೀಟು ಎಲ್ಲಿ?"

ನಾನು ನೋಟ್‌ಬುಕ್ಕು ತಂದು ಚಾರ್‌ಮಿನಾರ್ ತೋರಿಸಿದೆ. ಆಯಿ ಬೈಯಲಿಲ್ಲ, ಹೊಡೆಯಲಿಲ್ಲ. "ಸಣ್ಣಾವನ ಕೈ ಮುಟ್ಟಿದ್ದು ಅವಷ್ಟೇ ಉಳದಿದ್ದುವೋ" ಅಂದು, ಖಾಲಿ ಅರಿವೆಯನ್ನು ಮಡಚಿ ಮತ್ತೆ ಟ್ರಂಕಿನಲ್ಲಿಟ್ಟಳು.

'ಸಣ್ಣಾವ' ಅಂದರೆ ನಮ್ಮ ಮುತ್ಯಾನ ತಮ್ಮ. ಮೈದುನನಾದರೂ ಆಯಿಯೇ ಎತ್ತಿ ಆಡಿಸಿ ಬೆಳೆಸಿದ ಹುಡುಗ. ಮಳೆ ಕೈಕೊಟ್ಟ ಒಂದು ವರ್ಷ ಸೊಲ್ಲಾಪುರದ ಗಿರಣಿಗೆ ದುಡಿಯಲು ಹೋದ. ಕೆಲವು ವರ್ಷ ಪತ್ರ ಬಂದವು. ಕೊನೆಯ ಪತ್ರದಲ್ಲಿ 'ಆರಾಮ ಇದ್ದೀನಿ, ಬರ್ತೀನಿ' ಎಂದಿತ್ತಂತೆ. ಅವನು ಬರಲಿಲ್ಲ. ಮುತ್ಯಾ ಆ ಪತ್ರ ಹಿಡಿದುಕೊಂಡೇ ಸೊಲ್ಲಾಪುರಕ್ಕೆ ಎರಡು ಸಲ ಹೋಗಿ, ಗಿರಣಿ ಗಿರಣಿ ತಿರುಗಿ ಹುಡುಕಿದ. ಎರಡನೇ ಸಲ ಆ ಪತ್ರವನ್ನೂ ಕಳೆದುಕೊಂಡು ಬಂದ. ಮನೆಯಲ್ಲಿ ಉಳಿದದ್ದು ಪಾಕೀಟು ಒಂದೇ.

ಇದಾಗಿ ಇಪ್ಪತ್ತು ವರ್ಷದ ಮೇಲೆ, ನಾನು ಕಲಬುರಗಿಯಲ್ಲಿ ನೌಕರಿಯಲ್ಲಿದ್ದಾಗ, ಹಳೆಯ ಅಂಚೆಚೀಟಿ ಕೂಡಿಸುವ ಹಿರಿಯರೊಬ್ಬರ ಪರಿಚಯವಾಯಿತು. ಒಂದು ಭಾನುವಾರ ನನ್ನ ಚಾರ್‌ಮಿನಾರನ್ನು ಅವರ ಮುಂದಿಟ್ಟು, "ಇದಕ್ಕೆ ಎಷ್ಟು ಬರ್ತದ ಸರ್?" ಎಂದೆ. ಅವರು ಭೂತಗನ್ನಡಿ ಹಿಡಿದು ನೋಡಿದರು. ಆಮೇಲೆ ಆಯಿ ಕೇಳಿದ್ದನ್ನೇ ಕೇಳಿದರು: "ಪಾಕೀಟು ಎಲ್ಲಿ?"

ನಾನು ತಲೆ ತಗ್ಗಿಸಿದೆ. ಅವರು ಒಂದು ದಪ್ಪ ಪುಸ್ತಕ ತೆಗೆದು ಅಮೆರಿಕದ ಹಳೆಯ ಪಾಕೀಟುಗಳ ಚಿತ್ರ ತೋರಿಸಿದರು.

ಅಮೆರಿಕದ ಸರ್ಕಾರ ದೇಶಕ್ಕೆಲ್ಲ ನಡೆಯುವ ಮೊದಲ ಅಂಚೆಚೀಟಿಗಳನ್ನು ತಂದದ್ದು 1847ರ ಜುಲೈ 1ರಂದು. ಫ್ರಾಂಕ್ಲಿನ್ ಮುಖದ್ದು 5 ಸೆಂಟು, ವಾಷಿಂಗ್ಟನ್ ಮುಖದ್ದು 10 ಸೆಂಟು. ಅರ್ಧ ಔನ್ಸಿನ ಪತ್ರ 300 ಮೈಲಿಯೊಳಗೆ ಹೋಗಲು 5 ಸೆಂಟು, ಅದಕ್ಕಿಂತ ದೂರಕ್ಕೆ 10. ಕೆಲವರು 5 ಸೆಂಟಿನದು ಕೈಯಲ್ಲಿ ಇಲ್ಲದಾಗ 10 ಸೆಂಟಿನದನ್ನು ಕತ್ತರಿಯಿಂದ ಎರಡು ಮಾಡಿ ಅರ್ಧವನ್ನಷ್ಟೇ ಹಚ್ಚಿದರು.

"ಇಂಥ ಅರ್ಧ ಟಿಕೀಟು ಪಾಕೀಟಿನ ಮೇಲಿದ್ದು, ಕತ್ತರಿಸಿದ ಅಂಚಿನ ಮೇಲಿಂದ ಕಾಗದದವರೆಗೂ ಅಂಚೆಯ ಮುದ್ರೆ ಹಾಯ್ದಿದ್ದರೆ ಅದಕ್ಕೆ ಭಾರಿ ಬೆಲೆ. ಅದು ನಿಜವಾಗಿ ನಡೆದದ್ದು ಅನ್ನುವುದಕ್ಕೆ ಆ ಮುದ್ರೆಯೇ ಸಾಕ್ಷಿ. ಅದನ್ನೇ ನೀರಿಗೆ ಹಾಕಿ ಬಿಡಿಸಿ ನೋಡ್ರಿ. ಅದು ಬರೀ ಹರಿದ ಟಿಕೀಟು, ಯಾವ ಹುಡುಗ ಬೇಕಾದರೂ ಮನೆಯಲ್ಲಿ ಕೂತು ಮಾಡಬಹುದು."

ಪಾಕೀಟಿನ ಮೇಲೆ ಪತ್ರ ಹೊರಟ ಊರು, ದಿನ ಇರುತ್ತದೆ. ತಿರುಗಿಸಿದರೆ ಎಷ್ಟೋ ಸಲ ಮುಟ್ಟಿದ ಊರಿನ ಮುದ್ರೆಯೂ ಇರುತ್ತದೆ. ಚೀಟಿ ಪತ್ರದ ಬಾಡಿಗೆಯನ್ನಷ್ಟೇ ಹೇಳುತ್ತದೆ, ದಾರಿಯನ್ನು ಹೇಳುವುದು ಪಾಕೀಟು ಎಂದು ಅವರು ವಿವರಿಸಿದರು. ನಂತರ ನನ್ನ ಚಾರ್‌ಮಿನಾರಿಗೆ ಬಂದರು.

ನಮ್ಮ ಭಾಗ ಆಗ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿತ್ತಲ್ಲ, ಅವರದು ಬೇರೆಯೇ ಟಪಾಲು. 1869ರಲ್ಲಿ ಮೊದಲ ಅಂಚೆಚೀಟಿ ತಂದರು. 1931ರಲ್ಲಿ ಚಿತ್ರಗಳ ಮಾಲಿಕೆ ಬಂತು. ಒಂದಾಣೆಗೆ ಚಾರ್‌ಮಿನಾರ್, ಹನ್ನೆರಡಾಣೆಗೆ ನಮ್ಮ ಬೀದರಿನ ಮಹಮೂದ್ ಗವಾನನ ಮದರಸಾ. 1950ರಲ್ಲಿ ಆ ಟಪಾಲು ಭಾರತದ ಅಂಚೆಯಲ್ಲಿ ಸೇರಿಹೋಯಿತು. "ಒಂದಾಣೆಯವು ಬೇಕಾದಷ್ಟು ಸಿಗ್ತಾವ. ಅನ್ನದ ಅಗುಳು ಬೇರೆ ಮೆತ್ತೀರಿ. ನಾಲ್ಕು ರೂಪಾಯಿ ಬಂದರ ಹೆಚ್ಚು" ಎಂದು ನಕ್ಕರು.

"ಇರಲಿ ಬಿಡ್ರಿ ಸರ್, ಇದು ನಮ್ಮ ಸಣ್ಣ ಮುತ್ಯಾ ಸೊಲ್ಲಾಪುರದಿಂದ ಹಾಕಿದ ಕೊನೇ ಪತ್ರದ್ದು" ಎಂದೆ.

ಅವರ ನಗು ನಿಂತಿತು. "ಸೊಲ್ಲಾಪುರದಿಂದ? ಆಗೋದಿಲ್ಲ. ಸೊಲ್ಲಾಪುರ ಮುಂಬೈ ಪ್ರಾಂತದ್ದು, ಬ್ರಿಟಿಷರದು. ನಿಜಾಮರ ಟಿಕೀಟು ನಡೆಯೋದು ಅವರ ರಾಜ್ಯದ ಒಳಗಷ್ಟೇ. ಈ ಪತ್ರ ಹಾಕಿದಾಗ ನಿಮ್ಮ ಮುತ್ಯಾ ಗಡಿ ದಾಟಿ ಈ ಕಡೆ ಬಂದಿದ್ದರು."

ನನಗೆ ಮಾತೇ ಹೊರಡಲಿಲ್ಲ. ಕೊನೆಯ ಪತ್ರ ಬಂದಾಗ ಸಣ್ಣ ಮುತ್ಯಾ ಸೊಲ್ಲಾಪುರದಲ್ಲಿ ಇರಲೇ ಇಲ್ಲ. ಆಳಂದವೋ, ಕಲಬುರಗಿಯೋ, ಬೀದರೋ, ಇನ್ನೂ ದೂರದ ಯಾವುದೋ ಊರೋ, ಅಂತೂ ಈ ಕಡೆಯೇ ಇದ್ದ. ನಮ್ಮವರು ಎರಡು ಸಲ ಆ ಕಡೆ ಹೋಗಿ ಹುಡುಕಿದರು. ಎಲ್ಲ ಪತ್ರ ಸೊಲ್ಲಾಪುರದಿಂದಲೇ ಬಂದವು ಎಂದುಕೊಂಡವರು ಮುದ್ರೆಯನ್ನು ಯಾರಿಂದಲೂ ಓದಿಸಿರಲಿಲ್ಲ. ಓದಿಸಿದ್ದರೆ ಅದರಲ್ಲಿ ಊರಿನ ಹೆಸರಿತ್ತು. ಅಷ್ಟು ವರ್ಷ ಆಯಿಯ ಸೀರೆಯ ಕೆಳಗೇ ಇತ್ತು. ಅದನ್ನು ನೀರೊಲೆಗೆ ಹಾಕಿದವನು ನಾನು. ಚಾರ್‌ಮಿನಾರಿನ ಒಂದು ಮೂಲೆಯಲ್ಲಿ ಮುದ್ರೆಯ ಬಳೆಯ ಚೂರು ಉಳಿದಿದೆ, ಅಕ್ಷರ ಒಂದೂ ಇಲ್ಲ. ಹಿರಿಯರು ಭೂತಗನ್ನಡಿಯಲ್ಲಿ ಮತ್ತೆ ಮತ್ತೆ ನೋಡಿ, ಸುಮ್ಮನೆ ನನ್ನ ಕೈಗೆ ಕೊಟ್ಟರು. ಆ ಹೊತ್ತಿಗೆ ಆಯಿ ತೀರಿಕೊಂಡು ಆರು ವರ್ಷವಾಗಿತ್ತು.

ಈಗ ನನ್ನ ಮೊಮ್ಮಗಳು ಅಂಚೆಚೀಟಿ ಕೂಡಿಸುತ್ತಾಳೆ. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಮನೆಯಲ್ಲಿ ಹಳೆಯ ಪತ್ರಗಳ ಗಂಟು ಸಿಕ್ಕರೆ ನೀರಿಗೆ ಹಾಕಬೇಡಿ, ಕತ್ತರಿ ತರಬೇಡಿ. ಪಾಕೀಟನ್ನು ಪಾಕೀಟಾಗಿಯೇ ಇಡಿ. ಒಳಗಿನ ಪತ್ರವಿದ್ದರೆ ಅದರಲ್ಲೇ ಇರಲಿ. ಕಲೆಯಾಗಿದೆ ಎಂದು ಒರೆಸಬೇಡಿ, ಹರಿದಿದೆ ಎಂದು ಟೇಪು ಹಚ್ಚಬೇಡಿ. ಎರಡೂ ಬದಿ ಫೋಟೋ ತೆಗೆದಿಡಿ. ಬರೆದವರು ಯಾರು, ಯಾರಿಗೆ ಬರೆದರು ಎಂದು ಮನೆಯ ಹಿರಿಯರನ್ನು ಕೇಳಿ, ಬೇರೆ ಹಾಳೆಯಲ್ಲಿ ಬರೆದಿಡಿ. ಬೆಲೆಯ ಮಾತು ಆಮೇಲೆ. ಮುದ್ರೆಯ ಲಿಪಿ ನಿಮಗೆ ಬಾರದಿದ್ದರೆ ಓದಬಲ್ಲವರನ್ನು ಹುಡುಕಿಕೊಂಡು ಹೋಗಿ.

ನಾನು ಇಂದಿಗೂ ಹಳೆಯ ಸಾಮಾನಿನ ಅಂಗಡಿಯಲ್ಲಿ ನಿಜಾಮರ ಕಾಲದ ಪಾಕೀಟು ಕಂಡರೆ ಕೈಗೆತ್ತಿಕೊಳ್ಳುತ್ತೇನೆ. ಮೊದಲು ವಿಳಾಸ ನೋಡುತ್ತೇನೆ, ಜಿಡಗಾ ಎಂದಿದೆಯೇ ಎಂದು. ಆಮೇಲೆ ಮುದ್ರೆ.