ಕೊಟ್ಟ ಸಸಿ, ಕೊಡಬಾರದ ಮಣ್ಣು



ಕಳೆದ ಮೇ ತಿಂಗಳಲ್ಲಿ ನಮ್ಮ ಹಿಕ್ಸ್‌ವಿಲ್ ಮನೆಯಿಂದ ಟೊಮ್ಯಾಟೊ ಸಸಿ ತೆಗೆದುಕೊಂಡು ಹೋದ ಹನ್ನೊಂದು ಮನೆಗಳವರಿಗೆ ಈ ಲೇಖನ ಮುಖ್ಯವಾಗಿ ಸಲ್ಲಬೇಕು. ಉಳಿದವರೂ ಓದಬಹುದು. ಡಾಕ್ಟರೊಬ್ಬರ ತಪ್ಪೊಪ್ಪಿಗೆ ಓದಲು ಯಾರಿಗೆ ತಾನೇ ಬೇಸರ?

ಜುಲೈ ಬಿಸಿಲು ಏರಿದಂತೆ ನಮ್ಮ ಹಿತ್ತಲಿನ ಗಿಡಗಳು ಒಂದೊಂದಾಗಿ ಬಾಡತೊಡಗಿದವು. ಮೊದಲು ಕೆಳಗಿನ ಎಲೆ ಹಳದಿ, ಅದೂ ಪಾರ್ಶ್ವವಾಯು ಹೊಡೆದವರಂತೆ ಒಂದೇ ಮಗ್ಗುಲಿಗೆ. ನೀರು ಸಾಲದೆಂದು ನೀರು ಹೊಯ್ದೆವು, ಗೊಬ್ಬರ ಸಾಲದೆಂದು ಗೊಬ್ಬರ ಹಾಕಿದೆವು. ಹೀಗೆ ಪರೀಕ್ಷೆಯೇ ಮಾಡದೆ ಔಷಧಿ ಕೊಡುವ ವೈದ್ಯರನ್ನು ಕಂಡರೆ ನಾವೇ ಬೈಯುತ್ತೇವೆ! ಕೊನೆಗೆ ಒಂದು ಗಿಡ ಕಿತ್ತು ಬುಡದ ಕಾಂಡವನ್ನು ಉದ್ದಕ್ಕೆ ಸೀಳಿದೆವು. ಸಿಪ್ಪೆಯ ಒಳಗೆ ಕಾಫಿ ಬಣ್ಣದ ಗೆರೆಗಳು. ಕಾರ್ನೆಲ್ ವಿಶ್ವವಿದ್ಯಾಲಯದ ಸಸ್ಯರೋಗ ಪರೀಕ್ಷಾಲಯದಿಂದ ಉತ್ತರ ಬಂತು: ಫ್ಯುಸೇರಿಯಂ ಸೊರಗು ರೋಗ.

ಆ ಹೆಸರು ನಮಗೆ ಹೊಸದಲ್ಲ. ನಾವು ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಓದುತ್ತಿದ್ದಾಗ ನಂಜನಗೂಡಿನ ಹತ್ತಿರ ನಮ್ಮ ತಂದೆಯವರಿಗೆ ರಸಬಾಳೆ ತೋಟವಿತ್ತು. ಕಂದು ಬೇಕೆಂದು ಬಂದವರನ್ನು ಅವರು ಬರಿಗೈಲಿ ಕಳಿಸಿದವರಲ್ಲ. ಆಮೇಲೆ ತೋಟಕ್ಕೆ ಪನಾಮ ಸೊರಗು ರೋಗ ಬಂತು. ಎಲೆಗಳು ಹಳದಿಯಾಗಿ, ತೊಟ್ಟು ಮುರಿದು, ಲಂಗದಂತೆ ದಿಂಡಿನ ಸುತ್ತ ಜೋತುಬಿದ್ದವು. ದಿಂಡು ಕಡಿದರೆ ಒಳಗೆಲ್ಲ ಇಟ್ಟಿಗೆ ಬಣ್ಣ. ಅದೂ ಫ್ಯುಸೇರಿಯಂ ಶಿಲೀಂಧ್ರದ್ದೇ ಕೆಲಸ. ರೋಗದ ಬುಡದಿಂದ ಕಿತ್ತ ಕಂದು ನೋಡಲು ಆರೋಗ್ಯವಾಗಿಯೇ ಇರುತ್ತದೆ. ನಾವು ವೈದ್ಯರು ‘ಕ್ಯಾರಿಯರ್’ ಅನ್ನುತ್ತೇವಲ್ಲ, ಹಾಗೆ. ಒಂದೆರಡು ವರ್ಷದಲ್ಲಿ ಕಂದು ಒಯ್ದವರ ತೋಟಗಳೂ ಒಣಗಿದವು. ತಂದೆಯವರು ಯಾರನ್ನೂ ದೂರಲಿಲ್ಲ. ಒಂದು ಸಂಜೆ ಮಾತ್ರ ‘ಅವರ ತೋಟ ಕೆಡಿಸಿದ್ದು ನನ್ನ ಕೈ ಕಣಪ್ಪಾ’ ಅಂದರು. ನಾವು ಪುಸ್ತಕದಿಂದ ತಲೆಯೆತ್ತದೆ ‘ಅದೆಲ್ಲ ಇಲ್ಲ ಬಿಡಿ’ ಅಂದೆವು.

ಈ ಶಿಲೀಂಧ್ರ ಬೇರಿನಿಂದ ಒಳನುಗ್ಗಿ ನೀರು ಏರುವ ನಾಳಗಳನ್ನು ಸೇರುತ್ತದೆ. ಅದನ್ನು ತಡೆಯಲು ಗಿಡವೇ ನಾಳಗಳಿಗೆ ಅಂಟು ತುಂಬುತ್ತದೆ. ಕೊನೆಗೆ ಬುಡ ಒದ್ದೆಯಿದ್ದರೂ ಗಿಡ ಬಾಯಾರಿ ಸಾಯುತ್ತದೆ. ರೋಗ ಹತ್ತಿದ ಗಿಡಕ್ಕೆ ಔಷಧಿಯಿಲ್ಲ. ಶಿಲೀಂಧ್ರದ ಗಟ್ಟಿ ಕವಚದ ಬೀಜಕಣಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಮಲಗಿರುತ್ತವೆ. ನಮ್ಮ ಲಾಂಗ್ ಐಲೆಂಡಿನ ಹಿಮಕ್ಕೂ ಜಗ್ಗುವುದಿಲ್ಲ. ಹಿಂದೆ ಅಮೆರಿಕಕ್ಕೆ ಬರುತ್ತಿದ್ದ ಗ್ರೋ ಮಿಷೆಲ್ ಬಾಳೆಯ ತೋಟಗಳು ಇದರಿಂದಲೇ ಹಾಳಾಗಿ, ಕ್ಯಾವೆಂಡಿಶ್ ಆ ಜಾಗಕ್ಕೆ ಬಂತು. ಕ್ಯಾವೆಂಡಿಶ್ಶನ್ನೂ ಕೊಲ್ಲುವ ಹೊಸ ತಳಿಯೊಂದು 2019ರಲ್ಲಿ ಕೊಲಂಬಿಯಾದಲ್ಲಿ ಪತ್ತೆಯಾಯಿತು.

ಮಣ್ಣಿನ ರೋಗ ಎಂದರೇನೆಂದು ಹಿಕ್ಸ್‌ವಿಲ್‌ಗೂ ಚೆನ್ನಾಗಿ ಗೊತ್ತು. ಇಂದು ನಾವು ದೋಸೆ ತಿನ್ನಲು ಹೋಗುವ ಈ ಊರು ಒಂದು ಕಾಲಕ್ಕೆ ಆಲೂಗಡ್ಡೆ ಹೊಲ. ಆಲೂಗಡ್ಡೆಯ ಬೇರನ್ನು ಹಿಡಿಯುವ ‘ಗೋಲ್ಡನ್ ನೆಮಟೋಡ್’ ಎಂಬ ಸಣ್ಣ ಹುಳು ಅಮೆರಿಕದಲ್ಲಿ ಮೊದಲು ಸಿಕ್ಕಿದ್ದು 1941ರಲ್ಲಿ, ಇಲ್ಲಿಯ ಹೊಲದಲ್ಲೇ. ಅದು ಶಿಲೀಂಧ್ರವಲ್ಲ, ಆದರೆ ದಾರಿ ಒಂದೇ: ಮಣ್ಣು. ಆದ್ದರಿಂದ ಸರಕಾರ ಕ್ವಾರಂಟೈನ್ ಹಾಕಿ ಮಣ್ಣು, ಗಡ್ಡೆ, ಚೀಲ, ಯಂತ್ರಗಳ ಸಾಗಣೆಯನ್ನು ಹಿಡಿತಕ್ಕೆ ತಂದಿತು. ಇಷ್ಟೆಲ್ಲ ಆದ ಊರಿನಲ್ಲಿ ಕೂತು ನಾವು ಮಾಡಿದ್ದೇನು? ಸಸಿಗಳು ‘ಇಲ್ಲಿಯ ಮಣ್ಣಿಗೆ ಒಗ್ಗಲಿ’ ಎಂದು ಹಿತ್ತಲಿನ ಹಳೇ ಪಾತಿಯ ಮಣ್ಣನ್ನೇ ಕುಂಡಗಳಿಗೆ ತುಂಬಿ ನಿಮಗೆಲ್ಲ ಹಂಚಿದೆವು!

ಈಗ ದಯವಿಟ್ಟು ಹೀಗೆ ಮಾಡಿ. ಬಾಡಿದ ಗಿಡವನ್ನು ಬೇರುಸಹಿತ ಕಿತ್ತು ಕಸಕ್ಕೆ ಹಾಕಿ, ಕಾಂಪೋಸ್ಟ್‌ಗೆ ಬೇಡ. ಸಲಿಕೆ, ಕತ್ತರಿಗಳನ್ನು ಒಂದು ಪಾಲು ಬ್ಲೀಚ್, ಒಂಬತ್ತು ಪಾಲು ನೀರಿನಲ್ಲಿ ತೊಳೆಯಿರಿ. ಬೂಟಿನ ಮಣ್ಣನ್ನೂ ಮರೆಯಬೇಡಿ. ಆ ಪಾತಿಯಲ್ಲಿ ಕೆಲವು ವರ್ಷ ಟೊಮ್ಯಾಟೊ ಬೇಡ. ಟೊಮ್ಯಾಟೊ ಫ್ಯುಸೇರಿಯಂ ಅವರೆ, ಬೀನ್ಸ್, ಸೌತೆಗಳನ್ನು ಸೊರಗಿಸುವುದಿಲ್ಲ, ಅವನ್ನು ಹಾಕಿ. ಮಣ್ಣು ಹುಳಿಯಿದ್ದರೆ ಸುಣ್ಣ ಹಾಕಿ ಪಿ.ಎಚ್. 6.5ರಿಂದ 7ಕ್ಕೆ ತನ್ನಿ, ರೋಗದ ಜೋರು ತಗ್ಗುತ್ತದೆ. ಟೊಮ್ಯಾಟೊ ಬೇಕೇಬೇಕೆಂದರೆ ಅಂಗಡಿಯ ಹೊಸ ಮಣ್ಣು ತುಂಬಿದ ದೊಡ್ಡ ಕುಂಡದಲ್ಲಿ ಬೆಳೆಯಿರಿ. ಬೀಜದ ಪೊಟ್ಟಣದ ಮೇಲೆ ‘ಎಫ್’ ಅಕ್ಷರ ನೋಡಿ; ಅದು ಫ್ಯುಸೇರಿಯಂ ತಡೆಯುವ ತಳಿಯ ಗುರುತು. ಎರಡು ‘ಎಫ್’ ಇದ್ದರೆ ರೋಗಾಣುವಿನ ಎರಡು ಬಗೆಗಳನ್ನು ತಡೆಯುತ್ತದೆ. ಔಷಧಿಯಿಲ್ಲದ ರೋಗಕ್ಕೆ ಇದೇ ವ್ಯಾಕ್ಸಿನ್ ಎಂದುಕೊಳ್ಳಿ. ನಮ್ಮ ಕಲಬುರಗಿ ಕಡೆ ತೊಗರಿಯ ನೆಟೆ ರೋಗಕ್ಕೂ ಹೀಗೆಯೇ ತಡೆಯುವ ತಳಿಯಿಂದ ಪರಿಹಾರ. 1986ರಲ್ಲಿ ಬಂದ ‘ಮಾರುತಿ’ ಅಂಥದ್ದು.

ಇನ್ನೊಂದು ಮಾತು. ಊರಿನಿಂದ ಬರುವಾಗ ಸೂಟ್‌ಕೇಸಿನ ಸೀರೆ ಮಡಿಕೆಯಲ್ಲಿ ಕಂದು, ಬೇರು, ಮಣ್ಣು ತರಬೇಡಿ. ನಮಗೂ ಆಸೆಯಾಗಿತ್ತು. ಈಗ ನಂಜನಗೂಡಿನಲ್ಲಿ ರಸಬಾಳೆಯ ಶುದ್ಧ ಅಂಗಾಂಶ ಕೃಷಿ ಸಸಿ ನೆಟ್ಟು ತಳಿ ಉಳಿಸುವ ಪ್ರಯತ್ನ ನಡೆದಿದೆ. ಅಲ್ಲಿಗೆ ಹೋದಾಗ ತಿಂದು ಬರೋಣ.

ತಂದೆಯವರು ಈಗಿಲ್ಲ. ಆ ಸಂಜೆ ನಾವು ತಲೆಯೆತ್ತಿ ಅವರ ಮುಖ ನೋಡಬೇಕಿತ್ತು ಎಂದು ಈಗ ಅನಿಸುತ್ತದೆ. ಬರುವ ವಸಂತದಲ್ಲೂ ನಮ್ಮ ಮನೆಗೆ ಬನ್ನಿ. ಸಸಿ ಕೊಡುವುದಿಲ್ಲ, ‘ಎಫ್’ ಇರುವ ಬೀಜದ ಪೊಟ್ಟಣ ಕೊಡುತ್ತೇವೆ, ಜೊತೆಗೆ ಕಾಫಿ.