ಹುಚ್ಚೆಳ್ಳು ಹೂಬಿಟ್ಟಿದೆ, ಬಾ

ಪ್ರೀತಿಯ ಅಕ್ಕ,

ದಸರೆ ಮುಗಿಯಿತು. ಗೊಂಬೆಗಳನ್ನು ಅಮ್ಮನ ಹಳೇ ಸೀರೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಇಡೋಣ ಅಂತ ಕೂತವಳು, ಕೈಗೆ ಸಿಕ್ಕ ಹಳದಿ ಬುಗುರಿ ಹಿಡಿದು ನಿನಗೆ ಬರೆಯುತ್ತಿದ್ದೇನೆ. ಹೊಲದ ಫೋಟೋ ಕಳಿಸು ಅಂದಿದ್ದೆ ನೀನು. ತೆಗೆದೆ, ಕಳಿಸಲು ಮನಸ್ಸು ಬರಲಿಲ್ಲ. ಹುಚ್ಚೆಳ್ಳು ಹೂವಿನ ಆ ಹಳದಿ ಅದರಲ್ಲಿ ಇಲ್ಲ ಕಣೇ.

ಬೆಳಿಗ್ಗೆ ಕೆಂಗಲ್ ಆಂಜನೇಯನಿಗೆ ಕೈಮುಗಿದು ಹೊಲದ ಬದುವಿನ ಮೇಲೆ ಬಂದೆ. ಈ ಸಲ ಮಳೆ ಕೈಬಿಡಲಿಲ್ಲ. ರಾಗಿ ತೆನೆ ಬಿಗಿಯುತ್ತಿದೆ, ಇನ್ನೂ ಹಸಿರು. ಅಕ್ಕಡಿ ಸಾಲಿನ ತುಂಬ ಹುಚ್ಚೆಳ್ಳು ಹೂಬಿಟ್ಟಿದೆ. ಹೂವಿಗೊಂದು ಜೇನು. ಆಚೆ ರಾಮದೇವರ ಬೆಟ್ಟದ ಬಂಡೆ ಮಳೆಗೆ ತೊಳೆದಿಟ್ಟ ಹಾಗಿದೆ. ಸೆರಗೆಲ್ಲ ಇಬ್ಬನಿಯಲ್ಲಿ ನೆನೆಯಿತು.

ಮನೆಗೆ ಬಂದು ಬುಗುರಿ ನೋಡಿದರೆ ಅದೇ ಹಳದಿ! ಚನ್ನಪಟ್ಟಣದಲ್ಲಿ ಅಪ್ಪ ನಮಗೆ ಇದನ್ನು ಕೊಡಿಸಿದ ದಿನ ನೆನಪಿದೆಯಾ? ಆಲೆ ಮರದ ತುಂಡು ಪಟ್ಟಡಿಯಲ್ಲಿ ಗಿರಗಿರ ತಿರುಗುತ್ತಿತ್ತು. ಕುಶಲಕರ್ಮಿ ಅರಗಿನ ಕಡ್ಡಿ ಒತ್ತಿದರು. ಉಜ್ಜಿದ ಬಿಸಿಗೇ ಅರಗು ಕರಗಿ, ಬಿಳೀ ಮರದ ಮೇಲೆ ಬಣ್ಣ ಸುತ್ತಿಕೊಂಡಿತು. ಆಮೇಲೆ ತಾಳೆಗರಿ ಒತ್ತಿ ಹಿಡಿದರು, ಮೈಯೆಲ್ಲ ಹೊಳಪು. ಅರಗಿಗೆ ಬೆರೆಸಿದ್ದು ಅರಿಸಿನ ಅಂದಾಗ ನೀನು ಮೂಸಿ ನೋಡಿದ್ದೆ. ಇಷ್ಟು ವರ್ಷ ಆಡಿ, ಬೀಳಿಸಿದರೂ ಬಣ್ಣ ಬಿಟ್ಟಿಲ್ಲ. ಪ್ಲಾಸ್ಟಿಕ್ಕಿನದಕ್ಕೆ ಈ ಆಯಸ್ಸು ಎಲ್ಲಿ ಬರಬೇಕು?

ಅಜ್ಜಿಯ ಪಟ್ಟದ ಗೊಂಬೆಗಳನ್ನು, ಆ ರಾಜ-ರಾಣಿ ಜೋಡಿಯನ್ನು, ಮಾತ್ರ ಇನ್ನೂ ಎತ್ತಿಲ್ಲ. ರಾಣಿಯ ಕೆನ್ನೆ ಸವೆದು ಮರ ಕಾಣುತ್ತಿದೆ. ಮೂರು ತಲೆಮಾರಿನ ಬೆರಳು ತಾಗಿದ ಜಾಗ ಅದು. ಹೊಸ ಬಣ್ಣ ಬಳಿಸು ಅಂತಾರೆ. ನಾನು ಒಪ್ಪಲ್ಲ, ನೀನೂ ಒಪ್ಪಬೇಡ. ಆ ಜೋಡಿ ನಿನ್ನ ಮಗಳಿಗೆ. ಅಂಚೆಯಲ್ಲಿ ಕಳಿಸಲಾರೆ, ಅವಳ ಕೈಗೇ ಕೊಡಬೇಕು.

ಅವಳನ್ನು ಜಾನಪದ ಲೋಕಕ್ಕೂ ಕರೆದುಕೊಂಡು ಹೋಗೋಣ. ಎಚ್.ಎಲ್. ನಾಗೇಗೌಡರು ಹಳ್ಳಿಮನೆಗಳ ಸಾಮಾನು, ತೊಗಲುಗೊಂಬೆ ಎಲ್ಲ ಕೂಡಿಸಿ ಕಟ್ಟಿದ್ದು. 1994ರಲ್ಲಿ ಅದು ಶುರುವಾಗದಿದ್ದರೆ ಎಷ್ಟೋ ಮನೆಯ ಅಟ್ಟದಲ್ಲಿದ್ದದ್ದು ಒಲೆ ಸೇರುತ್ತಿತ್ತು.

ದೀಪಾವಳಿಗೆ ಬಂದುಬಿಡು. ಅಷ್ಟೊತ್ತಿಗೆ ಅವರೆಯೂ ಹೂವಾಗಿರುತ್ತೆ. ತಡಮಾಡಿದರೆ ರಾಗಿ ಕೊಯ್ಲು ಆಗಿಬಿಡುತ್ತೆ.

ನಿನ್ನ ತಂಗಿ